ಇನ್ನೊಮ್ಮೆ ಕರೀಲಿ

ಬೀದರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಗಳು ಪಾಠ ಒಪ್ಪಿಸುತ್ತಿದ್ದಳು: ಸನ್ ಎಂದರೆ ಸೂರ್ಯ, ಸನ್ ಎಂದರೆ ಮಗ. ಬರೆಯುವುದು ಬೇರೆ, ಅರ್ಥ ಬೇರೆ, ಸಪ್ಪಳ ಮಾತ್ರ ಒಂದೇ. ನಿಮಗೂ ಈ ಪಾಠ ಆಗಿರಬೇಕು. ನನಗದು ಭಾಲ್ಕಿಯ ಶಾಲೆಯಲ್ಲಿ ಆದಾಗ ಹಿಗ್ಗಿದ್ದೆ. ಇಂಗ್ಲಿಷಿನ ಮೇಲಿನ ಪ್ರೀತಿಯಿಂದಲ್ಲ, ಆಯಿಯೊಡನೆ ವಾದಕ್ಕೆ ಒಂದು ಅಸ್ತ್ರ ಸಿಕ್ಕಿತೆಂದು.

ಆಯಿ ಎಂದರೆ ನನ್ನ ಅಪ್ಪನ ತಾಯಿ, ಔರಾದ ಕಡೆಯವಳು. ನಾನು ಹುಟ್ಟುವ ಮೊದಲೇ ಅವಳ ಗಂಡ, ನನ್ನ ಮುತ್ಯಾ, ತೀರಿಕೊಂಡಿದ್ದ. ವೈಜಿನಾಥ ಎಂಬ ಅವನ ಹೆಸರನ್ನೇ ನನಗಿಟ್ಟರು. ಇಟ್ಟಮೇಲೆ ಕರೆಯುವವರು ಯಾರು? ಗಂಡನ ಹೆಸರೆಂದು ಆಯಿ ಕರೆಯಳು, ಮಾವನ ಹೆಸರೆಂದು ಅವ್ವ ಕರೆಯಳು, ಬೈಯುವಾಗ ತಂದೆಯ ಹೆಸರು ಹಿಡಿಯಲು ಅಪ್ಪನಿಗೂ ಬಾಯಿ ಬಾರದು. ಹೀಗಾಗಿ ಮನೆಯಲ್ಲಿ ನಾನು ಬರೀ 'ತಮ್ಮಾ'. ಓಣಿಯ ಮಕ್ಕಳನ್ನೆಲ್ಲ ಹೆಸರು ಹಿಡಿದು ಮುದ್ದು ಮಾಡುವ ಆಯಿ ನನ್ನನ್ನೂ ಒಂದು ಸಲ ಹಾಗೆ ಕರೆಯಲಿ ಎಂಬುದೇ ಆಗ ನನ್ನ ದೊಡ್ಡ ಆಸೆ.

ಅಂದು ಅವಳ ಒಲೆಯ ಮುಂದೆ ವಕೀಲನ ಹಾಗೆ ನಿಂತೆ.

"ಆಯಿ, ಇಂಗ್ಲಿಷ್‌ನ್ಯಾಗ ಮಗನ್ನ ಕರದ್ರ ಸೂರ್ಯ ಓ ಅಂತಾನೇನು? ಸಪ್ಪಳ ಒಂದೇ ಇದ್ರೂ ಇಬ್ರೂ ಬ್ಯಾರೆ. ನನ್ನ ಹೆಸರು ಕರದ್ರ ಮುತ್ಯಾನ ಹೆಸರು ತಗೊಂಡಂಗ ಹ್ಯಾಂಗ ಆಗ್ತದ?"

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂಗ್ರೇಜರ ಹೆಂಡ್ರು ಗಂಡನ್ನೇ ಹೆಸರು ಹಿಡದು ಒದರ್ತಾರಂತ. ಅವರಿಗೇನು ತ್ರಾಸ ಅದ ಹೇಳು!"

ಅಷ್ಟರಲ್ಲಿ ಗೆಳೆಯನೊಬ್ಬ ಅಂಗಳದಿಂದ ಕೂಗಿದ: "ಏ ವೈಜಿನಾಥಾ, ಬರ್ತಿಯೇನೋ!" ನಾನು ಓಡಲು ಹೊರಟರೆ ಆಯಿ ಹಿಟ್ಟಿನ ಕೈಯಲ್ಲೇ ಅಂಗಿ ಹಿಡಿದಳು. ದಿನಾ ಹೀಗೇ ಹಿಡಿಯುತ್ತಿದ್ದಳು. ಆಟಕ್ಕೆ ಬಿಡಲು ಮನಸ್ಸಿಲ್ಲವೆಂದು ನಾನು ತಿಳಿದಿದ್ದೆ.

"ಬಿಡು ಆಯಿ, ಕರೀಲಾಕತ್ತಾನ."

"ಇರು. ಇನ್ನೊಮ್ಮೆ ಕರೀಲಿ."

"ಯಾಕ?"

"ನಿಮ್ಮ ಮುತ್ಯಾ ಹೋದ ಮ್ಯಾಲ ಈ ಬಾಗಲಿಗೆ ಬಂದು ಯಾರೂ ಆ ಹೆಸರು ಕರೀಲಿಲ್ಲ. ನನಗಂತೂ ಬಾಯಿಲೆ ಅನ್ಲಿಕ್ಕ ಬರಂಗಿಲ್ಲ. ಕಿವಿಲೆ ಆದ್ರೂ ಕೇಳ್ತೇನಿ ಅಂತ ನಿನಗ ಇಡಿಸ್ದೆ."

ಗೆಳೆಯ ಮತ್ತೊಮ್ಮೆ ಕೂಗಿದ. ಅವಳು ಅಂಗಿ ಬಿಟ್ಟಳು. ವಾದ ಸೋತ ವಕೀಲ ಆಟಕ್ಕೆ ಹೋದ. ಆಮೇಲೆ ನಾನು ಅವಳನ್ನು ಪೀಡಿಸಲಿಲ್ಲ. ಗೆಳೆಯರು ಕೂಗಿದಾಗ ತುಸು ತಡೆದು ಓ ಎನ್ನುವುದನ್ನು ಮಾತ್ರ ರೂಢಿ ಮಾಡಿಕೊಂಡೆ.

ಇದನ್ನೆಲ್ಲ ಕೇಳಿದ ಮಗಳು, "ಪಪ್ಪಾ, ಆಯಿ ಹೆಸರೇನಿತ್ತು?" ಎಂದಳು.

ನಾನು ತಡವರಿಸಿದೆ. ಮರೆತಿರಲಿಲ್ಲ, ಎಂದೂ ಬಾಯಿಂದ ಆಡಿರಲಿಲ್ಲ, ಅಷ್ಟೆ. ಅವಳಿದ್ದಾಗಲೂ ಮನೆಯಲ್ಲಿ ಯಾರೂ ಆಡಿದ್ದು ನೆನಪಿಲ್ಲ.

"ಚಂದ್ರಭಾಗಾ."

ಮಗಳಿಗೆ ಅದು ಹಿಡಿಸಿತು. ಮನೆಯೊಳಗೆ ಮುಖ ಮಾಡಿ "ಚಂದ್ರಭಾಗಾ!" ಎಂದು ಕೂಗಿಯೇಬಿಟ್ಟಳು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾರು ಬಂದಾರ್ರಿ?"

"ನಮ್ಮ ಆಯಿ" ಎಂದೆ.