ಕರಿಬಸಮ್ಮ ಸಿಸ್ಟರ್ ವಾಪಸ್ ಕಳಿಸಿದ ಹುಡುಗಿಯರು

ಕುಣಿಗಲ್ ಪೇಟೆಯಲ್ಲಿ ಜುಲ್ಫಿಕರ್ ಅವರದು ಹಾಸಿಗೆ ಅಂಗಡಿ. ಮುಂದೆ ಮಾರಾಟ, ಹಿಂದೆ ಹತ್ತಿ ಹಿಂಜುವ ಮೆಷೀನು. ಹೋದ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅರವತ್ತು ದಾಟಿದ ಹೆಂಗಸೊಬ್ಬರು ಅಂಗಡಿಯೊಳಗೆ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ವೈರ್ ಬ್ಯಾಗು. ಬೆಲೆ ಕೇಳಲಿಲ್ಲ. ಪೇರಿಸಿಟ್ಟ ಹಾಸಿಗೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಒತ್ತಿ ನೋಡುತ್ತಾ ಹೋದರು. ಬೆಲೆ ಕೇಳದೆ ಮಾಲು ಮುಟ್ಟುವವರು ಒಂದೋ ಟ್ಯಾಕ್ಸಿನವರು, ಇಲ್ಲವೇ ಜಗಳಕ್ಕೆ ಬಂದವರು ಎಂಬುದು ಜುಲ್ಫಿಕರ್ ಅವರ ಇಪ್ಪತ್ತು ವರ್ಷದ ಅನುಭವ.

"ಏನಮ್ಮಾ ಬೇಕಿತ್ತು?"

"ಅಮೃತೂರಿನ ನರಸಯ್ಯನವರಿಗೆ ಹಾಸ್ಗೆ ಮಾಡ್ಕೊಟ್ಟಿದ್ದು ನೀವೇನಾ?"

"ಮಾಡ್ಕೊಟ್ಟಿದ್ರೆ ಏನೀಗ?"

"ಸೊಂಟದ ಹತ್ರ ಹತ್ತಿ ಗಂಟು ಕಟ್ಟಿದೆ. ಲಕ್ವ ಹೊಡ್ದು ಮಲಗಿರೋ ಮನುಷ್ಯ, ತಾನಾಗೇ ಹೊರಳಕ್ಕಾಗಲ್ಲ. ಆ ಗಂಟಿನ ಮೇಲೇ ಹುಣ್ಣಾಗಿದೆ. ಬಿಚ್ಚಿ ಇನ್ನೊಂದ್ಸಲ ಹಿಂಜಿ ಕೊಡಿ."

ಅಷ್ಟರಲ್ಲಿ ಒಳಗೆ ಮೆಷೀನಿನ ಪಕ್ಕ ಕೂತು ಓದುತ್ತಿದ್ದ ಮಗಳು ಅರ್ಶಿಯಾ ಎದ್ದು ಬಂದಳು. ಹತ್ತನೇ ಕ್ಲಾಸಿನ ಹುಡುಗಿ. "ಬರೀ ಮಲಗಿದ್ರೇ ಹುಣ್ಣಾಗುತ್ತಾ ಆಂಟಿ? ಎಷ್ಟು ದಿನಕ್ಕಾಗುತ್ತೆ? ಹೊರಳಿಸಿದ್ರೆ ವಾಸಿಯಾಗುತ್ತಾ?"

ಆ ಹೆಂಗಸು ಅವಳ ಕಡೆ ತಿರುಗಿದರು. "ಬರೋ ಭಾನುವಾರ ಅಪ್ಪನ ಕೇಳ್ಕೊಂಡು ಬಾ. ನೋಡೋವಂತೆ," ಎಂದರು.

ಅವರೇ ಕರಿಬಸಮ್ಮ. ಗುಬ್ಬಿಯಲ್ಲಿ ಬಹಳ ವರ್ಷ ಸರ್ಕಾರಿ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಕುಣಿಗಲ್ಲಿನಲ್ಲಿ ಸಣ್ಣ ಬಾಡಿಗೆ ಮನೆ ಹಿಡಿದವರು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ನೀರೂ ಕುಡಿಯುವವರಲ್ಲ. ಪೂಜೆ ಮುಗಿದ ಮೇಲೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು, ಬಟ್ಟೆ ಕಟ್ಟಿ ಬರುತ್ತಿದ್ದರು. ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನರ್ಸ್ ಆಗಬೇಕೆನ್ನುವ ಹೈಸ್ಕೂಲು ಹುಡುಗಿಯರು ಸಿಕ್ಕರೆ ಭಾನುವಾರ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು.

ಹಾಸಿಗೆಯನ್ನು ಮತ್ತೆ ಹಿಂಜಿ ಕೊಟ್ಟ ಜುಲ್ಫಿಕರ್ ನೇರವಾಗಿಯೇ ಕೇಳಿದರು. "ಇದ್ರಲ್ಲಿ ನಿಮ್ಗೇನಮ್ಮಾ ಲಾಭ?"

"ಏನೂ ಇಲ್ಲ ಸಾಹೇಬ್ರೇ."

ಆ ಉತ್ತರವೇ ಅವರ ನಿದ್ದೆ ಕೆಡಿಸಿತು. ಏನೋ ಒಂದು ಲಾಭ ಇದೆ ಎಂದು ಆಕೆ ಒಪ್ಪಿಕೊಂಡಿದ್ದರೆ ಸಮಾಧಾನವಾಗುತ್ತಿತ್ತು.

ಪಕ್ಕದ ಮೊಬೈಲ್ ಅಂಗಡಿಯ ಝುಬೇರ್ ಇನ್ನಷ್ಟು ಉಪ್ಪುಖಾರ ಹಚ್ಚಿದ. "ಬಸ್ಸು ಫ್ರೀ, ಸೇವೆ ಫ್ರೀ. ಫ್ರೀ ಅಂದೋರ್ನೆಲ್ಲಾ ನಾವು ನೋಡಿಲ್ವಾ ಭಾಯ್? ಆಯಮ್ಮ ಏಜೆಂಟ್ ಇರ್ಬೇಕು. ನರ್ಸಿಂಗ್ ಕಾಲೇಜಿನೋರು ಒಂದೊಂದು ಊರಿಗೂ ಒಬ್ಬೊಬ್ಬರನ್ನ ಬಿಟ್ಟಿರ್ತಾರೆ. ಹುಡ್ಗೀರ್ನ ಹಿಡ್ಕೊಟ್ರೆ ಕಮಿಷನ್ನು."

ಆದರೂ ಮನೆಯಲ್ಲಿ ಹೆಂಡತಿ ಅರ್ಜೂ ಬಿಡಲಿಲ್ಲ. "ಅರ್ಶಿಯಾ ಹುಟ್ಟುವಾಗ ಒಬ್ಬಳು ಸಿಸ್ಟರ್ ನನ್ನ ಕೈ ಹಿಡ್ಕೊಂಡೇ ಇದ್ಲು. ಅವಳ ಹೆಸ್ರು ಗೊತ್ತಾ ನಿಮಗೆ? ನಂಗೂ ಗೊತ್ತಿಲ್ಲ. ಅವಳೇನು ಲಾಭಕ್ಕೆ ಹಿಡ್ಕೊಂಡಿದ್ಲಾ? ಹೋಗಿ ನೋಡ್ಲಿ ಬಿಡಿ," ಎಂದಳು.

ಮುಂದಿನ ಭಾನುವಾರದಿಂದ ಅರ್ಶಿಯಾ ಸಿಸ್ಟರ್ ಜೊತೆ ಅಮೃತೂರಿನ ಬಸ್ಸು ಹತ್ತಿದಳು. ಪ್ರತಿ ಸಲ ಮನೆಗೆ ಬಂದ ತಕ್ಷಣ ತಂದೆಯ ವಿಚಾರಣೆ.

"ಏನ್ ಕೆಲ್ಸ ಮಾಡಿಸಿದ್ರು?"

"ಏನೂ ಇಲ್ಲ ಅಬ್ಬಾ. ಏನೂ ಮುಟ್ಬೇಡ, ಸುಮ್ನೆ ಕೂತ್ಕೊಂಡು ನೋಡು ಅಂದ್ರು. ಬಸ್ಸಲ್ಲಿ ಬರ್ತಾ ಏನ್ ನೋಡ್ದೆ ಹೇಳು ಅಂದ್ರು. ಹುಣ್ಣು ನೋಡ್ದೆ ಅಂದೆ. ಅಷ್ಟೇನಾ ಅಂದ್ರು."

ಎರಡನೇ ಭಾನುವಾರವೂ ಬಸ್ಸಿನಲ್ಲಿ ಸಿಸ್ಟರ್ ಅವರದು ಅದೇ ಪ್ರಶ್ನೆ. ಮೂರನೇ ವಾರ ಅರ್ಶಿಯಾ, "ಅಜ್ಜ ಬಾಗಿಲ ಕಡೆನೇ ನೋಡ್ತಿದ್ರು. ಸೊಸೆ ಆಚೆ ಹೋದ್ರೆ ಅವರಿಗೆ ಭಯ," ಎಂದಳು. ಕರಿಬಸಮ್ಮ ತಲೆಯಾಡಿಸಿ, "ಮುಂದಿನ ವಾರ ಕೈ ತೊಳ್ಕೊ. ಟ್ರೇ ಹಿಡ್ಕೊಳೋವಂತೆ," ಎಂದರು.

ಒಂದು ದಿನ ಅರ್ಶಿಯಾ ಬಸ್ಸಿನಲ್ಲಿ ಅವರನ್ನೇ ಕೇಳಿದಳು, ಇದನ್ನೆಲ್ಲಾ ಯಾಕೆ ಮಾಡುತ್ತೀರಿ ಎಂದು. ಕರಿಬಸಮ್ಮ ಸಿ.ಎಸ್. ಪುರ ಹೋಬಳಿಯ ಹಳ್ಳಿಯವರು. ತುಮಕೂರಿನಲ್ಲಿ ತರಬೇತಿಗೆ ಸೇರಿದಾಗ ಅದೇ ಊರಿನ ಚಿಕ್ಕಗಂಗಮ್ಮನೂ ಜೊತೆಯಲ್ಲಿದ್ದಳಂತೆ. ನರ್ಸ್ ಎಂದರೆ ಬಿಳಿ ಸೀರೆ, ಇಂಜೆಕ್ಷನ್ನು ಎಂದಷ್ಟೇ ಇಬ್ಬರಿಗೂ ಗೊತ್ತು. ಮೊದಲ ತಿಂಗಳಲ್ಲೇ ಹೆಣ ಒರೆಸುವ ಕೆಲಸ ಬಂತು. ಚಿಕ್ಕಗಂಗಮ್ಮ ಎಚ್ಚರ ತಪ್ಪಿ ಬಿದ್ದಳು, ವಾರದೊಳಗೆ ಊರಿಗೆ ವಾಪಸಾದಳು. ಆಸ್ಪತ್ರೆಗೆ ಹೋದ ಹುಡುಗಿ ತಿಂಗಳಿಗೇ ಬಂದಳೆಂದರೆ ಅಲ್ಲೇನೋ ನಡೆದಿರಬೇಕು ಎಂದು ಊರು ಮಾತಾಡಿತು. ಅವಳಿಗೆ ಗಂಡು ಸಿಗಲು ಒಂಬತ್ತು ವರ್ಷ ಹಿಡಿಯಿತು.

"ಸೇರೋಕ್ ಮುಂಚೆ ಯಾರಾದ್ರೂ ಒಂದಿನ ಕರ್ಕೊಂಡ್ಹೋಗಿ ತೋರ್ಸಿದ್ರೆ ಅವ್ಳು ಸೇರ್ತಾನೇ ಇರ್ಲಿಲ್ಲ," ಎಂದರು ಕರಿಬಸಮ್ಮ. "ಹೋಗಿ ವಾಪಸ್ ಬರೋದಕ್ಕಿಂತ ನೋಡಿ ಬೇಡ ಅನ್ನೋದು ವಾಸಿ."

ಈ ಕತೆಯನ್ನು ಮಗಳ ಬಾಯಲ್ಲಿ ಕೇಳಿದ ಜುಲ್ಫಿಕರ್, "ಕತೆ ಹೇಳೋದ್ರಲ್ಲೂ ಹುಷಾರಿದಾರೆ," ಎಂದರು.

ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಕರಿಬಸಮ್ಮ ಅವಳನ್ನು ಕ್ಯಾತ್ಸಂದ್ರದ ಕಡೆಯ ಒಂದು ಖಾಸಗಿ ನರ್ಸಿಂಗ್ ಕಾಲೇಜು ತೋರಿಸಲು ಕರೆದೊಯ್ದರು. ಕಾಲೇಜು ನೋಡುವುದಕ್ಕೂ ಮುಂಚೆ ಕೌಂಟರಿನಲ್ಲಿ ಒಂದು ಫಾರ್ಮ್ ತುಂಬಬೇಕಿತ್ತು. ಹೆಸರು, ತಂದೆಯ ಫೋನ್ ನಂಬರು, ಕೊನೆಗೆ ರೆಫರೆನ್ಸ್ ಎಂಬ ಕಾಲಮ್ಮು. ಇಲ್ಲಿ ಏನು ಬರೆಯಬೇಕೆಂದು ಕೇಳಿದರೆ ಕೌಂಟರಿನ ಹುಡುಗಿ ತಲೆಯೆತ್ತದೆ, "ಯಾರ್ದಾದ್ರೂ ಹೆಸ್ರು ಹಾಕಿ ಮೇಡಂ, ಇಲ್ಲಾಂದ್ರೆ ಖಾಲಿ ಬಿಡಿ," ಎಂದಳು. ಖಾಲಿ ಬಿಡುವುದು ಕರಿಬಸಮ್ಮನವರಿಂದ ಆಗದ ಕೆಲಸ. ರೋಗಿಯ ಚಾರ್ಟಿನಲ್ಲಿ ಒಂದು ಕಾಲಮ್ ಖಾಲಿ ಬಿಟ್ಟರೆ ಆಗಲೇ ಕೊಟ್ಟ ಔಷಧಿಯನ್ನೇ ರಾತ್ರಿ ಪಾಳಿಯವರು ಮತ್ತೆ ಕೊಡುತ್ತಾರೆ. ಮೂವತ್ತು ವರ್ಷ ಅದೇ ಭಯದಲ್ಲಿ ಬರೆದ ಕೈ. ದುಂಡಗೆ ತಮ್ಮ ಹೆಸರು ಬರೆದರು.

ನಾಲ್ಕನೇ ದಿನ, ಸೋಮವಾರ, ಜುಲ್ಫಿಕರ್ ಅವರ ಫೋನು ಬಡಿದುಕೊಂಡಿತು. ಕಾಲೇಜಿನವರು.

"ಸರ್, ಕರಿಬಸಮ್ಮ ಮೇಡಂ ಕಡೆ ಕ್ಯಾಂಡಿಡೇಟ್ ಅಲ್ವಾ? ಸೇರೋದು ಪಿಯುಸಿ ಮುಗಿದ್ಮೇಲೆ ಸರ್, ಈಗ್ಲೇ ಸೀಟು ಹಿಡಿದಿಡೋಣ್ವಾ?"

ಜುಲ್ಫಿಕರ್ ಮೆಷೀನು ಆಫ್ ಮಾಡಿದರು. "ಆಯಮ್ಮನಿಗೆ ನೀವೇನಾದ್ರೂ ಕೊಡ್ತೀರಾ?"

"ಅದು ಅವ್ರಿಗೂ ಮ್ಯಾನೇಜ್‌ಮೆಂಟಿಗೂ ಬಿಟ್ಟಿದ್ದು ಸರ್. ನಿಮ್ ಫೀಸಿಗೆ ಏನೂ ಸೇರ್ಸಲ್ಲ."

ಝುಬೇರ್ ಗೆದ್ದವನಂತೆ ನಕ್ಕ. "ನಾನ್ ಹೇಳ್ಲಿಲ್ವಾ ಭಾಯ್?"

ಅಂದೇ ಅರ್ಶಿಯಾಳ ಭಾನುವಾರಗಳು ನಿಂತವು. ಅವಳ ಕೈಯಿಂದ ಫೋನನ್ನೂ ಕಿತ್ತುಕೊಂಡರು. ಫಲಿತಾಂಶ ಬಂತು, ಒಳ್ಳೆಯ ಅಂಕಗಳೇ ಬಂದವು. ಪಿಯುಸಿ ಅರ್ಜಿ ತಂದಿಟ್ಟು ಅವಳು ಸೈನ್ಸ್ ಎಂದಳು. ಆಮೇಲೆ ನರ್ಸಿಂಗ್ ಪದವಿಗೆ ಸೇರಬೇಕೆಂದರೆ ಅದೇ ದಾರಿ. ತಂದೆಯ ಸಹಿ ಬೇಕಿತ್ತು. ಜುಲ್ಫಿಕರ್, "ಕಾಮರ್ಸ್ ತಗೊ, ಈಗ್ಲೇ ಸೈನ್ ಹಾಕ್ತೀನಿ," ಎಂದರು. ಅರ್ಜಿ ಟಿವಿಯ ಮೇಲೆ ಹಾಗೇ ಬಿದ್ದಿತ್ತು. ಅರ್ಶಿಯಾ ಊಟಕ್ಕೆ ಕೂರುವುದನ್ನೇ ಕಡಿಮೆ ಮಾಡಿದಳು. ಅರ್ಜಿ ಕೊಡಲು ಇನ್ನೊಂದೇ ವಾರವಿತ್ತು.

ಜುಲ್ಫಿಕರ್ ಅನುಮಾನದ ಮನುಷ್ಯ ಹೌದು, ಆದರೆ ಅನುಮಾನವನ್ನು ಅರ್ಧಕ್ಕೆ ಬಿಡುವವರಲ್ಲ. ಸಿಸ್ಟರ್ ಗುಬ್ಬಿಯಲ್ಲಿದ್ದಾಗ ಅವರ ಜೊತೆ ಓಡಾಡಿದ ಕಾವ್ಯ ಎಂಬ ಹುಡುಗಿಯ ಹೆಸರನ್ನು ಮಗಳಿಂದ ಎಂದೋ ಕೇಳಿದ್ದರು. ಒಂದು ಶುಕ್ರವಾರ ನಮಾಜು ಮುಗಿಸಿ, ತುಮಕೂರಿಗೆ ಹೋಗಿ ಬಸ್ಸು ಬದಲಿಸಿ ಗುಬ್ಬಿಗೆ ಹೋದರು. ಆ ಹುಡುಗಿ ಯಾವ ಕಾಲೇಜಿಗೆ ಸೇರಿದಳು, ಎಷ್ಟು ದುಡ್ಡು ಕಳೆದುಕೊಂಡಳು ಎಂದು ತಿಳಿದುಕೊಂಡರೆ ಸಾಕಿತ್ತು.

ಕಾವ್ಯ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದಳು. ಗೇಟಿನ ಹತ್ತಿರವೇ ನಿಂತು ಮಾತಾಡಿದಳು.

"ನರ್ಸಾ? ನಂಗೆ ಬೇಡ ಅಂದ್ರು ಅಂಕಲ್. ಒಂದು ವರ್ಷ ಜೊತೇಲಿ ತಿರುಗಿಸಿ, ಆಮೇಲೆ ಬೇಡ ಅಂದ್ರು."

"ಯಾಕೆ?"

"ಯಾರಿಗಾದ್ರೂ ನೋವಾದ್ರೆ ನಂಗೆ ಮೊದ್ಲು ಅಳು ಬರ್ತಿತ್ತು. ಮೊದ್ಲು ಕೈ ಬರ್ಬೇಕು, ಅಳು ಆಮೇಲೆ ಬರ್ಲಿ ಅಂದ್ರು. ನಮ್ಮಪ್ಪ ಅವರ ಮನೆ ಮುಂದೆ ಹೋಗಿ ಕೂಗಾಡಿ ಬಂದ್ರು. ಸೀಟು ಬೇರೆಯವರಿಗೆ ಕೊಡ್ಸೋಕೆ ಹಿಂಗ್ಮಾಡಿದ್ರು ಅಂತ."

"ನಿನಗೂ ಹಂಗೇ ಅನ್ನಿಸ್ತಾ?"

"ಆವಾಗ ಅನ್ನಿಸ್ತು. ಈಗ್ಲೂ ಪೂರ್ತಿ ಸಿಟ್ಟು ಹೋಗಿಲ್ಲ. ನಾವು ಆರು ಜನ ಇದ್ವಿ. ಇಬ್ರು ನರ್ಸ್ ಆದ್ರು. ನಾಲ್ಕು ಜನಾನ ವಾಪಸ್ ಕಳ್ಸಿದ್ರು."

ವಾಪಸ್ ಬರುವ ಬಸ್ಸಿನಲ್ಲಿ ಜುಲ್ಫಿಕರ್ ಲೆಕ್ಕ ಹಾಕಿದರು. ಆರರಲ್ಲಿ ನಾಲ್ವರನ್ನು ವಾಪಸ್ ಕಳಿಸುವ ಏಜೆಂಟನ್ನು ಯಾವ ಕಾಲೇಜೂ ಇಟ್ಟುಕೊಳ್ಳುವುದಿಲ್ಲ. ಹಳೆಯ ಅನುಮಾನ ತುಮಕೂರಿಗೆ ಬರುವ ಹೊತ್ತಿಗೆ ಸಡಿಲವಾಯಿತು. ಕುಣಿಗಲ್ ಬರುವಷ್ಟರಲ್ಲಿ ಅದರ ಜಾಗದಲ್ಲಿ ಹೊಸದೊಂದು ಕೂತಿತ್ತು. ನೇರ ಕರಿಬಸಮ್ಮನವರ ಮನೆಗೆ ಹೋದರು.

"ನನ್ ಮಗಳನ್ನೂ ವಾಪಸ್ ಕಳಿಸೋ ಯೋಚ್ನೆ ಇದೆಯೇನಮ್ಮಾ? ಅವಳಿಗೇನು ಕಮ್ಮಿ?"

ಕರಿಬಸಮ್ಮ ಅವರನ್ನು ಒಳಗೆ ಕೂರಿಸಿ ನೀರು ಕೊಟ್ಟರು. ಕಾಲೇಜಿನಿಂದ ಬಂದ ಫೋನಿನ ವಿಷಯ, ಗುಬ್ಬಿಗೆ ಹೋಗಿ ಬಂದ ವಿಷಯ ಎಲ್ಲವೂ ಆಗ ಹೊರಗೆ ಬಿತ್ತು. ತಾವೇ ಬರೆದ ಕಾಲಮ್ಮನ್ನು ನೆನೆದು ಆಕೆ ಹಣೆ ಒತ್ತಿಕೊಂಡರು. "ಖಾಲಿ ಬಿಡ್ಬಾರ್ದಲ್ಲ ಅಂತ ಬರದ್ಬಿಟ್ಟೆ. ಶಿವನೇ, ಮೂರು ವಾರದಿಂದ ಮಗು ಬರದೇ ಇದ್ದಿದ್ದು ಇದಕ್ಕಾ? ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನಂದ್ಕೊಂಡಿದ್ರಿ?"

"ಅವಳಿಗೆ ಹೇಳ್ಬಾರ್ದು. ಹೇಳಲ್ಲ ಅಂದ್ರೆ ಹೇಳ್ತೀನಿ." ಜುಲ್ಫಿಕರ್ ಒಪ್ಪಿದರು. "ಕೊನೇ ಭಾನುವಾರ ಅವಳ ಟ್ರೇನಿಂದ ಹುಣ್ಣಿಗೆ ಕಟ್ಟೋ ಬಟ್ಟೆ ನೆಲಕ್ಕೆ ಬಿತ್ತು. ನಾನು ನೋಡ್ಲಿಲ್ಲ ಅಂದ್ಕೊಂಡು ಎತ್ತಿ ಟ್ರೇಲಿ ಇಟ್ಬಿಟ್ಳು. ನಾನು ಏನೋ ನೆಪ ಹೇಳಿ ಬೇರೆ ಪ್ಯಾಕೆಟ್ ಬಿಚ್ದೆ. ಅದಕ್ಕೇ ಮುಖ ತಪ್ಪಿಸ್ಕೊಂಡಿದಾಳೆ ಅಂದ್ಕೊಂಡಿದ್ದೆ. ಬೀಳ್ಸೋದು ತಪ್ಪಲ್ಲ ಸಾಹೇಬ್ರೇ, ನಾನೂ ಬೀಳ್ಸಿದೀನಿ. ಮುಚ್ಚಿಡೋ ಕೈ ಇದ್ಯಲ್ಲ, ಅದು ನಾಳೆ ಔಷಧಿ ತಪ್ಪಾಗಿ ಕೊಟ್ರೂ ಮುಚ್ಚಿಡುತ್ತೆ. ತಾನಾಗೇ ಬಂದು ಹೇಳ್ತಾಳಾ ಅಂತ ಕಾಯ್ತಿದೀನಿ. ಹೇಳ್ಲಿಲ್ಲ ಅಂದ್ರೆ ಸೈನ್ಸ್ ಬೇಡ ಅಂತ ನಾನೇ ಬಂದು ನಿಮ್ಗೆ ಹೇಳ್ತಿದ್ದೆ."

ಜುಲ್ಫಿಕರ್ ಮನೆಗೆ ಬಂದು ಮಗಳನ್ನು ನೋಡಿದರು. ನಾಲಿಗೆ ತುದಿಗೆ ಬಂದ ಮಾತನ್ನು ಚಹಾದ ಜೊತೆ ನುಂಗಿದರು. "ಭಾನುವಾರ ಹೋಗು. ನಾನೂ ಬರ್ತೀನಿ," ಎಂದಷ್ಟೇ ಹೇಳಿದರು. ಎರಡು ರಾತ್ರಿ ಅವರಿಗೆ ಒಂದೇ ಪ್ರಶ್ನೆ: ನನ್ನ ಮಗಳು ಮುಚ್ಚಿಡುವವಳೇ?

ಭಾನುವಾರ ನರಸಯ್ಯನವರಿಗೆ ಹೊಸ ದಿಂಬು ಕೊಡುವ ನೆಪ ಮಾಡಿಕೊಂಡು ಅವರೂ ಅಮೃತೂರಿಗೆ ಹೋದರು. ಮಡಚಿದ ಅರ್ಜಿ ಜೇಬಿನಲ್ಲಿತ್ತು. ಅರ್ಶಿಯಾ ಕೈ ತೊಳೆದಳು. ಮುದುಕರನ್ನು ಸಿಸ್ಟರ್ ಒಂದು ಪಕ್ಕಕ್ಕೆ ಹೊರಳಿಸಿ ಹಿಡಿದಾಗ ಹಳೇ ದುಪ್ಪಡಿಯನ್ನು ಸುರುಳಿ ಸುತ್ತಿ, ಹೊಸದನ್ನು ಹಾಸಿ, ಅಂಗೈಯಿಂದ ಒಂದೂ ಸುಕ್ಕು ಉಳಿಯದಂತೆ ಸವರಿದಳು. ಇಪ್ಪತ್ತು ವರ್ಷ ಹಾಸಿಗೆ ಹೊಲಿದ ಜುಲ್ಫಿಕರ್ ಆ ಕೈಯನ್ನು ನೋಡುತ್ತಾ ನಿಂತರು. ಆದರೆ ಅವರಿಗೆ ಬೇಕಾಗಿದ್ದು ಅದಲ್ಲ.

ಟ್ರೇ ಎತ್ತಿಕೊಳ್ಳುವ ಮುಂಚೆ ಅರ್ಶಿಯಾ ನಿಂತಳು. "ಸಿಸ್ಟರ್, ಆವತ್ತು ಬಟ್ಟೆ ನೆಲಕ್ಕೆ ಬಿದ್ದಿತ್ತು. ನಾನು ಹೇಳ್ದೆ ಎತ್ತಿಟ್ಬಿಟ್ಟೆ. ನೀವು ಬೈತೀರ ಅಂತ."

ಕರಿಬಸಮ್ಮ ಅವಳ ಕಡೆ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಜುಲ್ಫಿಕರ್ ಕಡೆ ನೋಡಿದರು. ಹುಣ್ಣು ಕಟ್ಟಿ ಮುಗಿಸಿ ಜಗಲಿಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ನೀವು ಹೇಳ್ಕೊಟ್ರಾ?"

"ಇಲ್ಲಮ್ಮಾ! ಅಲ್ಲಾನ ಮೇಲಾಣೆ."

"ಆಣೆ ಬೇಡ." ಅರ್ಶಿಯಾಳನ್ನು ಕರೆದರು. "ಇಷ್ಟು ದಿನ ಬಿಟ್ಟು ಇವತ್ತೇ ಯಾಕೆ ಹೇಳ್ದೆ?"

"ಮುಂದಿನ ವಾರನೇ ಹೇಳೋಣ ಅಂತಿದ್ದೆ ಸಿಸ್ಟರ್. ಅಬ್ಬಾ ಕಳಿಸ್ಲೇ ಇಲ್ವಲ್ಲ. ಫೋನ್ ಮಾಡೋಣ ಅಂದ್ರೆ ಫೋನೂ ಕಿತ್ಕೊಂಡ್ರು. ಅಮ್ಮಿಗೆ ಆವತ್ತು ರಾತ್ರಿನೇ ಹೇಳಿದ್ದೆ. ಬೇಕಾದ್ರೆ ಕೇಳಿ."

ಜುಲ್ಫಿಕರ್ ತಲೆ ತಗ್ಗಿಸಿದರು.

"ಕೇಳ್ತೀನಿ," ಎಂದರು ಕರಿಬಸಮ್ಮ. ಅಲ್ಲೇ ನಿಂತು ಅರ್ಜೂಗೆ ಫೋನು ಮಾಡಿಯೇ ಬಿಟ್ಟರು. ಎರಡು ನಿಮಿಷ ಹೂಂ ಹೂಂ ಎಂದು ಕೇಳಿಸಿಕೊಂಡು ಫೋನನ್ನು ವೈರ್ ಬ್ಯಾಗಿಗೆ ಹಾಕಿದರು.

"ಸೈನ್ಸ್ ತಗೊಳ್ಳಲಿ ಸಾಹೇಬ್ರೇ. ಎರಡು ವರ್ಷ ಆದ್ಮೇಲೂ ಅವಳಿಗೆ ಬೇಡ ಅನ್ಸಿದ್ರೆ ಬೇಡ ಅನ್ನೋಕೆ ಬಿಡಿ."

"ಎದುರಿಗೇ ಫೋನ್ ಮಾಡಿ ಕೇಳಿದ್ರಲ್ಲಮ್ಮಾ, ನನ್ ಮಾತು ಅಷ್ಟೂ ನಂಬ್ಲಿಲ್ವಾ?"

"ನೀವು ಗುಬ್ಬಿವರ್ಗೂ ಹೋಗಿ ಬಂದ್ರಿ. ನಾನು ನಿಂತಲ್ಲೇ ವಿಚಾರಿಸ್ದೆ."

ಅರ್ಶಿಯಾ ನಗು ತಡೆಯಲಾರದೆ ದುಪಟ್ಟಾ ಬಾಯಿಗೊತ್ತಿಕೊಂಡಳು. ಜುಲ್ಫಿಕರ್ ಜೇಬಿನಿಂದ ಅರ್ಜಿ ತೆಗೆದು ಜಗಲಿಯ ಮೇಲೆ ಕೂತರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಹಿಂದೆ ತಿರುಗಿಸಿ ಸಣ್ಣಕ್ಷರದಲ್ಲಿದ್ದುದನ್ನೂ ಓದಿದರು. ಸೈನ್ಸ್ ಎಂಬ ಕಡೆ ಮಗಳು ಹಾಕಿದ್ದ ಗುರುತನ್ನು ಮತ್ತೊಮ್ಮೆ ನೋಡಿ, ಪೆನ್ನು ಕೇಳಿ, ಸಹಿ ಹಾಕಿದರು.