ಸಣ್ಣಕ್ಕನ ರುಜು

ಮೊಸಳೆ ಎಂಬ ಊರಿನಿಂದಾಚೆಯ ಒಂದು ಹೈಸ್ಕೂಲಿನಲ್ಲಿ ಸಣ್ಣಕ್ಕ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಐವತ್ತೈದು ದಾಟಿದ ಮೇಲೆ ಮೊಮ್ಮಗಳು ಶೋಭಿತಾಳ ದುಂಬಾಲು ಬಿದ್ದು ಅಕ್ಷರ ಕಲಿತಳು. ಕಲಿತ ಮೇಲೆ ಸುಮ್ಮನಿರುತ್ತಾಳೆಯೇ? ಬಸ್ಸಿನ ಬೋರ್ಡು, ಬೇಳೆಯ ಚೀಲ, ಸತ್ತವರ ಫ್ಲೆಕ್ಸು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಿ ಊರಿನವರ ತಲೆ ತಿಂದಳು. ಇನ್ನು ಒಂದೇ ಆಸೆ. ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದವಳು ಊರೆಲ್ಲ ನೋಡುವಂತೆ ಒಮ್ಮೆ ರುಜು ಹಾಕಬೇಕು.

ಆ ಭಾಗ್ಯ ಶಾಲಾ ವಾರ್ಷಿಕೋತ್ಸವದಲ್ಲಿ ಒದಗಿ ಬಂತು. ಬ್ರಿಟಿಷರು ನಮ್ಮನ್ನು ಹೇಗೆ ನುಂಗಿದರು ಅಂತ ಸಮಾಜದ ಮೇಷ್ಟ್ರು ಮೋಹನ್‌ಕುಮಾರ್ ನಾಟಕ ಆಡಿಸುತ್ತಿದ್ದರು. ಟೋಪಿ ಹಾಕುವ ಕಂಪನಿಯವರಾಗಲು ಮಕ್ಕಳೆಲ್ಲ ಕಚ್ಚಾಡಿದರು. ಸೋಲುವ ರಾಜನಾಗಲು ಒಂದು ಪಿಳ್ಳೆಯೂ ಒಪ್ಪಲಿಲ್ಲ. ಕೊನೆಗೆ ಮೇಷ್ಟ್ರು ಅಡುಗೆಮನೆಗೇ ಬಂದರು.

"ಸಣ್ಣಕ್ಕ, ನೀವೇ ರಾಣಿ ಆಗ್ಬೇಕು. ಮಾತೇನೂ ಇಲ್ಲ. ಒಪ್ಪಂದಕ್ಕೆ ಒಂದು ರುಜು ಹಾಕಿದ್ರೆ ಮುಗೀತು."

ರುಜು ಅಂದದ್ದೇ ತಡ, ಸಣ್ಣಕ್ಕ ಸೌಟು ಕೆಳಗಿಟ್ಟಳು. ವಾರವಿಡೀ ರಾಗಿ ಹಿಟ್ಟಿನ ಮೇಲೆಲ್ಲ ಅವಳ ಹೆಸರೇ.

ಆ ದಿನ ಊರಿಗೆ ಊರೇ ಬಂದು ಕೂತಿತ್ತು. ದೊಗಳೆ ಕೋಟಿನ ಕಂಪನಿ ಸಾಹೇಬ, ಅಂದರೆ ನಮ್ಮ ಶೋಭಿತಾ, ಕಾಗದ ಚಾಚಿದಳು. ಪೆನ್ನು ಹಿಡಿದ ಸಣ್ಣಕ್ಕನಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಓದುವ ಚಾಳಿ ಬಿಡಬೇಕಲ್ಲ.

"ಇದು ಇಂಗ್ಲೀಷಲ್ಲೈತೆ. ಏನಂತ ಓದಿ ಯೋಳಮ್ಮಿ."

ಸಾಹೇಬರು ತಡವರಿಸಿದರು. ಅದು ಶಾಲೆಗೆ ತಂದ ಹೊಸ ಫ್ಯಾನಿನ ಡಬ್ಬದೊಳಗಿದ್ದ ಚೀಟಿ. "ರೆಕ್ಕೆಗೆ ನೀರು ತಾಗಿಸ್ಬಾರ್ದಂತೆ ಅಜ್ಜಿ" ಅಂದದ್ದು ಮೈಕಿಗೆ ಸಿಕ್ಕಿತು. ಶಾಮಿಯಾನದ ತುಂಬ ನಗೆ. ಮೇಷ್ಟ್ರು ಗಡಿಬಿಡಿಯಲ್ಲಿ ಪರದೆಯ ಹಿಂದೆಯೇ ಕನ್ನಡದಲ್ಲಿ ಒಪ್ಪಂದ ಗೀಚಿ ಕಳಿಸಿದರು. ಸಣ್ಣಕ್ಕ ಬೆರಳಿಟ್ಟು ಓದಿದಳು. ರಾಗಿ ಬೆಳೆಯುವ ನೆಲದಲ್ಲಿ ಇನ್ನು ಮುಂದೆ ಕಂಪನಿ ಹೇಳಿದ್ದನ್ನೇ ಬೆಳೆಯತಕ್ಕದ್ದು ಅಂತಿತ್ತು.

"ಅಂಗಾದ್ರೆ ಐಕ್ಳು ಏನ್ ತಿನ್ಬೇಕು? ನಾ ರುಜು ಆಕಾಕಿಲ್ಲ."

ಮೇಷ್ಟ್ರು ಪರದೆ ಸರಿಸಿ ತಲೆ ಹೊರಗಿಟ್ಟರು. "ಸಣ್ಣಕ್ಕ, ದಮ್ಮಯ್ಯ. ಹೋರಾಟಗಾರರು ಆಗಲೇ ಬಾವುಟ ಹಿಡ್ಕಂಡು ನಿಂತವ್ರೆ. ನೀವು ರುಜು ಹಾಕ್ದೆ ಹೋದ್ರೆ ಸ್ವಾತಂತ್ರ್ಯ ಬರೋದು ಹೆಂಗೆ?"

"ಓಗಿದ್ರೆ ತಾನೆ ಸಾ, ಬರಾದು?"

ಜನ ಬಿದ್ದು ಬಿದ್ದು ನಕ್ಕರು, ಶಿಳ್ಳೆ ಹೊಡೆದರು. ಸಾಹೇಬರ ಟೋಪಿ ಕೆಳಗುರುಳಿತು. ಸಣ್ಣಕ್ಕನೂ ಸೆರಗು ಬಾಯಿಗಿಟ್ಟು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

"ನಮ್ ತಾತನ ತಾವ್ಕೂ ಕಾಫಿ ತ್ವಾಟದ ದೊರೆ ಕಡೆಯೋರು ಇಂಗೇ ಒಂದ್ ಕಾಗ್ದ ತಂದಿದ್ರು" ಅಂದಳು. "ಮೂರ್ ತಿಂಗ್ಳು ಗೇದು ಬಾ ಅಂದ್ರಂತೆ. ಒಳಗೇನೈತೆ ಅಂತ ಯಾರೂ ಓದಿ ಯೋಳ್ನಿಲ್ಲ. ಎಬ್ಬೆಟ್ಟು ಒತ್ತಿ ತ್ವಾಟಕ್ಕೆ ಒಂಟೋದೋನು ತಿರ್ಗಾ ಬರ್ಲೇ ಇಲ್ಲ."

ಶೋಭಿತಾ ಕಾಗದ ಹಿಂದಕ್ಕೆ ತೆಗೆದುಕೊಳ್ಳಲು ಕೈ ನೀಡಿದಳು. ಸಣ್ಣಕ್ಕ ಕೊಡಲಿಲ್ಲ. ರುಜುವಿನ ಆಸೆ ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. ನಾಲಗೆ ಕಚ್ಚಿ, ಬಗ್ಗಿ, ದಪ್ಪ ದಪ್ಪಗೆ 'ಒಪ್ಪಿಗೆ ಇಲ್ಲ' ಎಂದು ಬರೆದಳು. ಅದರ ಕೆಳಗೆ, ಒಂದು ಒತ್ತಕ್ಷರವೂ ತಪ್ಪದಂತೆ, ತನ್ನ ಹೆಸರು ಬರೆದಳು. ಆಮೇಲೆ ಕಾಗದವನ್ನು ಜನರ ಕಡೆಗೆ ಎತ್ತಿ ಹಿಡಿದಳು.

"ನೋಡ್ಕಳಿ, ನಂದೇ ರುಜು."