ಹದಿನೈದು ನಿಮಿಷದ ಕುರ್ಚಿ

ಬೆಳಗಿನ ಆರು ಗಂಟೆ. ಕುರ್ಚಿ ಕಾರ್ಖಾನೆಯ ಮೂಲೆಕೋಣೆಯಲ್ಲಿ ಐವತ್ತೆರಡು ವರ್ಷದವರೊಬ್ಬರು ಗಂಭೀರವಾಗಿ ಕೂತಿದ್ದಾರೆ. ಕೈಯಲ್ಲಿ ಪೇಪರಿಲ್ಲ, ಎದುರಿಗೆ ಟೀವಿಯಿಲ್ಲ. ಕೂರುವುದೇ ಇವರ ಕೆಲಸ. ವಿನ್ಯಾಸಕರು ಗೀಚಿದ ಯಾವ ಕುರ್ಚಿಯೂ ಇವರ ಬೆನ್ನಿನಿಂದ ಪಾಸಾಗದೆ ಪೇಟೆಗೆ ಹೋಗುವಂತಿಲ್ಲ. ಎಲ್ಲರ ಬಾಯಲ್ಲೂ ಇವರು ಕುರ್ಚಿಯಣ್ಣ.

ಮೊದಲು ಇಲ್ಲೇ ಲಾರಿಗೆ ಕುರ್ಚಿ ಹೇರುತ್ತಿದ್ದರು. ಸೊಂಟ ಕೈಕೊಟ್ಟಿತು. ಆಮೇಲೆ ಅದೇ ಸೊಂಟ ಅನ್ನಕ್ಕೆ ದಾರಿಯಾಯಿತು. ಕೆಟ್ಟ ಕುರ್ಚಿಯನ್ನು ಅದು ಯಂತ್ರಕ್ಕಿಂತ ಮೊದಲೇ ಪತ್ತೆ ಹಚ್ಚುತ್ತದೆ. ದಿನಕ್ಕೆ ಆರು ಕುರ್ಚಿ, ಒಂದೊಂದಕ್ಕೆ ಎಪ್ಪತ್ತು ನಿಮಿಷ. ಒಳ್ಳೆಯದಾದರೆ ಇಪ್ಪತ್ತನೇ ನಿಮಿಷಕ್ಕೆ ಗೊರಕೆ. ಗೊರಕೆ ಕೇಳಿದರೆ ಹೊರಗೆ ವಿನ್ಯಾಸಕರು ಕೈಕುಲುಕಿಕೊಳ್ಳುತ್ತಾರೆ.

“ನೆಂಟರು ಏನ್ ಕೆಲಸ ಅಂತಾರೆ. ಕೂತ್ಕೊಳ್ಳೋದು ಅಂತೀನಿ. ಅದು ಗೊತ್ತು, ಕೆಲಸ ಏನು ಅಂತಾರೆ.”

ಇವತ್ತಿನ ಪರೀಕ್ಷೆ ಮಾತ್ರ ತಿರುಗುಮುರುಗು. ಸಾಲುಸಾಲು ಹೋಟೆಲುಗಳ ಮಾಲೀಕರೊಬ್ಬರು ನಾಲ್ಕು ಸಾವಿರ ಕುರ್ಚಿ ಕೇಳಿದ್ದಾರೆ. ಷರತ್ತು ಒಂದೇ: ಕೂತ ಗಿರಾಕಿ ಹದಿನೈದು ನಿಮಿಷದೊಳಗೆ ತಾನಾಗಿಯೇ ಏಳಬೇಕು. ವಿನ್ಯಾಸ ವ್ಯಾಪಾರವನ್ನೇ ಬದಲಿಸುತ್ತಿದೆ ಎಂದು ನಾವು ಪತ್ರಿಕೆಯವರು ಪುಟಗಟ್ಟಲೆ ಬರೆಯುತ್ತೇವೆ. ಹೇಗೆಂದು ಈ ಸೊಂಟಕ್ಕೆ ಗೊತ್ತು. ಸೀಟು ಮುಂದಕ್ಕೆ ಜಾರುತ್ತದೆ, ಬೆನ್ನಿಗೆ ಪಟ್ಟಿಯೊಂದು ಒತ್ತುತ್ತದೆ. ಹನ್ನೊಂದನೇ ನಿಮಿಷಕ್ಕೆ ಕುರ್ಚಿಯಣ್ಣ ಎದ್ದೇಬಿಡುತ್ತಾರೆ. ವಿನ್ಯಾಸಕಿ ಚಪ್ಪಾಳೆ ತಟ್ಟುತ್ತಾಳೆ. ಇನ್ನು ಅವರ ಸಹಿಯೊಂದೇ ಬಾಕಿ.

“ಹದಿನೆಂಟು ವರ್ಷ ಜನ ಆರಾಮಾಗಿ ಕೂರ್ಲಿ ಅಂತ ಕೂತೆ. ಈಗ ಎದ್ದು ಹೋಗ್ಲಿ ಅಂತ ಸಹಿ ಹಾಕ್ಬೇಕಾ?” ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ.

ಅಷ್ಟರಲ್ಲಿ ಅವರ ಹೆಂಡತಿ, ಗಂಡ ಮರೆತು ಬಂದ ಊಟದ ಡಬ್ಬಿ ಹಿಡಿದು ಬರುತ್ತಾರೆ. ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಗಿರಾಕಿಗಳಿಗೆ ಬಟ್ಟೆ ಹರವಿ ತೋರಿಸುವವರು. ಅಲ್ಲಿ ಕೆಲಸದವರು ಕೂರುವಂತಿಲ್ಲ. ಪರೀಕ್ಷೆಯ ಆ ಕುರ್ಚಿ ಖಾಲಿ ಕಂಡದ್ದೇ ತಡ, ಕೂತರು. ಹದಿನೈದು ನಿಮಿಷ ಕಳೆಯಿತು. ಮೂವತ್ತಾಯಿತು. ವಿನ್ಯಾಸಕಿ ಕೈಗಡಿಯಾರವನ್ನು ಕಿವಿಗಿಟ್ಟು ನೋಡಿದಳು. ಐವತ್ತನೇ ನಿಮಿಷಕ್ಕೆ, ಅಂಗಡಿಗೆ ಹೊತ್ತಾಯಿತೆಂದು ಅವರು ಎದ್ದರು.

“ಎಷ್ಟು ಚೆನ್ನಾಗಿದೆ ರೀ. ಇದಕ್ಕೂ ಮೂತಿ ತಿರುವಿದ್ರಾ?”

ಎಲ್ಲರೂ ಬಿದ್ದು ಬಿದ್ದು ನಗುತ್ತೇವೆ. ಕುರ್ಚಿಯಣ್ಣ ಮಾತ್ರ ಹೆಂಡತಿ ನೋಯುವ ಕಾಲು ಎಳೆದುಕೊಂಡು ಗೇಟು ದಾಟುವುದನ್ನೇ ನೋಡುತ್ತಿದ್ದಾರೆ. ನನಗೆ ನಾಚಿಕೆಯಾಗುತ್ತದೆ, ಬೆಳಗಿನಿಂದ ನಾನೂ ವಿಚಾರಿಸಿದ್ದು ಗಂಡನ ಸೊಂಟವನ್ನಷ್ಟೇ.

ಕುರ್ಚಿಯಣ್ಣ ಪರೀಕ್ಷೆಯ ಹಾಳೆಯ ಮೇಲೆ ದೊಡ್ಡದಾಗಿ ‘ಫೇಲು’ ಎಂದು ಬರೆದು ಸಹಿ ಹಾಕುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಅವಳ ಅಂಗಡೀಲಿ ಒಂದು ಕುರ್ಚಿ ಹಾಕಿಸ್ಬೇಕು. ಒಳ್ಳೇದೇ ಆಗ್ಬೇಕು ಅಂತಿಲ್ಲ. ಇದಾದ್ರೂ ಸಾಕು.”